ಚಾವಡಿ ಡಾಟ್ ಲೋಕಲ್: ಅಜ್ಜನ ಕ್ಯಾಸೆಟ್ಟುಗಳಿಗೊಂದು ಪುಟ್ಟ ಸರ್ವರ್

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ವಾಚನಾಲಯವೊಂದರಲ್ಲಿ, ತುಳುನಾಡಿನ ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಹೇಳಲು ಮರೆತ ಎರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಬಾಗಿಲಲ್ಲಿ ಕೊಡೆಗಳ ರಾಶಿ ನೋಡಿ ಸ್ವಲ್ಪ ಹೆದರಿಕೆ ಆಯ್ತು.

ಆಮಂತ್ರಣದ ಕಾಗದದಲ್ಲಿ "ಮನೆಯಲ್ಲೇ ಮ್ಯೂಸಿಕ್ ಸರ್ವರ್" ಅಂತ ಹಾಕಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ. ಸರ್ವರ್ ಕಟ್ಟುವುದು ಒಂದು ಸಂಜೆಯ ಕೆಲಸ. ಕರೆಂಟು ಇದ್ದರೆ ಎರಡು ಗಂಟೆ ಸಾಕು. ನನಗೆ ಎರಡು ಮಳೆಗಾಲ ಹಿಡಿಯಿತು. ಯಾಕೆ ಅನ್ನುವುದೇ ಇವತ್ತಿನ ಮಾತು.

ನಮ್ಮ ಅಜ್ಜನಿಗೆ ತಾಳಮದ್ದಳೆಯ ಹುಚ್ಚು. ವೇಷ, ಕುಣಿತ ಇಲ್ಲದೆ ಕೂತಲ್ಲೇ ಹಾಡು, ಮಾತಿನಲ್ಲಿ ನಡೆಸುವ ಯಕ್ಷಗಾನ ಅದು. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು ಅಂದರೆ ಇವರ ತಿರುಗಾಟ ಶುರು. ಮಳೆಗಾಲದಲ್ಲಿ ಬಯಲಾಟ ಇಲ್ಲ, ಎಲ್ಲ ತಾಳಮದ್ದಳೆ ಕೂಟಗಳೇ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ರೇಡಿಯೋ, ಟೇಪು ಎರಡೂ ಇರುವ ಟೂ ಇನ್ ವನ್. ಜೋಬಿನಲ್ಲಿ ದೊಡ್ಡ ಸೆಲ್ಲುಗಳು, ಯಾಕಂದರೆ ಕೂಟದ ನಡುವೆ ಕರೆಂಟು ಹೋಗುವುದು ಖಂಡಿತ. ಅವರು ತೀರಿಕೊಂಡು ವರ್ಷಗಳಾದ ಮೇಲೆ ಅಟ್ಟ ಗುಡಿಸುವಾಗ ತಗಡಿನ ಪೆಟ್ಟಿಗೆ ಸಿಕ್ಕಿತು. ಎಣಿಸಿದೆ, 140 ಕ್ಯಾಸೆಟ್ಟು. ಹೆಚ್ಚಿನವು 90 ನಿಮಿಷದವು. ಅಂದರೆ ಸುಮಾರು 210 ಗಂಟೆ. ತಾಳಮದ್ದಳೆಯೇ ಜಾಸ್ತಿ. ಜೊತೆಗೆ ಮಂಗಳೂರು ಆಕಾಶವಾಣಿಯಿಂದ ಹಿಡಿದದ್ದು, ಗದ್ದೆಯಲ್ಲಿ ಹೇಳಿದ ತುಳು ಕಥನಗೀತೆ ಪಾಡ್ದನ, ಅಜ್ಜಿಯ ಭಜನೆ, ಎರಡು ಮಲಯಾಳಂ ಸಿನಿಮಾ ಕ್ಯಾಸೆಟ್ಟು. ನಮ್ಮೂರಿನ ಪೆಟ್ಟಿಗೆ ಅಲ್ವಾ, ಒಂದೇ ಭಾಷೆ ಇದ್ದರೆ ಆಶ್ಚರ್ಯ.

ಇವನ್ನು ಫೋನಿಗೆ ಹಾಕಿಕೊಂಡರೆ ಆಗದಾ ಅಂತ ಬಾವ ಕೇಳಿದ. ಆಗುತ್ತದೆ. ಆದರೆ ಮನೆಯಲ್ಲಿ ಆರು ಜನ, ಆರು ಫೋನು. ಒಂದು ಫೋನು ನೀರಿಗೆ ಬಿದ್ದರೆ ಮತ್ತೆ ಮೊದಲಿನಿಂದ. ಅದಕ್ಕೇ ಸರ್ವರ್. ಹೆದರುವಂಥ ಶಬ್ದ ಏನಲ್ಲ, ಸರ್ವರ್ ಅಂದರೆ ಬಡಿಸುವವ. ಪಂಕ್ತಿಯಲ್ಲಿ ನೀವು ಕೂತಲ್ಲೇ ಕೂತಿರುತ್ತೀರಿ, ಅಡುಗೆ ಒಂದೇ ಕಡೆ ಇರುತ್ತದೆ. ಸಾರು ಕೇಳಿದವರಿಗೆ ಸಾರು, ಮಜ್ಜಿಗೆ ಕೇಳಿದವರಿಗೆ ಮಜ್ಜಿಗೆ. ಹಾಡೆಲ್ಲ ಒಂದು ಡಿಸ್ಕಿನಲ್ಲಿ ಇರುತ್ತದೆ. ಯಾವ ಫೋನು ಏನು ಕೇಳುತ್ತದೋ ಅದನ್ನು ವೈಫೈ ಮೇಲೆ ತಂದು ಹಾಕುವುದಷ್ಟೇ ಇದರ ಕೆಲಸ. ಇದಕ್ಕೆ ಹೊರಗಿನ ಇಂಟರ್ನೆಟ್ ಬೇಡ. ನಮ್ಮ ಮನೆ ಇರುವುದು ತೋಟದ ತಗ್ಗಿನಲ್ಲಿ, ಮೊಬೈಲ್ ಸಿಗ್ನಲ್ ಹುಡುಕಲು ಗುಡ್ಡ ಹತ್ತಬೇಕು. ಆದರೂ ಹಾಡು ನಿಲ್ಲುವುದಿಲ್ಲ.

ಈಗ ಬೋರ್ಡು. ಇದೇ ನೋಡಿ, ರಾಸ್‌ಬೆರಿ ಪೈ. ಒಂದೇ ಬೋರ್ಡಿನ ಪೂರ್ತಿ ಕಂಪ್ಯೂಟರು, ಉದ್ದ ಅಗಲದಲ್ಲಿ ಎಟಿಎಂ ಕಾರ್ಡಿನಷ್ಟು. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ್ದು. ಮೊದಲು ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು, ಪಾಪ, ಇದಕ್ಕೆ ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ. ನನ್ನದು 2016ರ ಮೂರನೇ ಪೈ. ಒಂದು ಜಿಬಿ ಮೆಮೊರಿ. ಹಳೆಯದು, ಪರಿಚಯದವರೊಬ್ಬರ ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು. ಹಾಡು ಬಡಿಸಲು ಇದು ಧಾರಾಳ. ಹೊಸತೇ ಬೇಕು ಅಂತ 2023ರ ಐದನೇ ಪೈ ತರಬೇಡಿ, ಈ ಕೆಲಸಕ್ಕೆ ಅಷ್ಟು ಬಲ ಬೇಡ. ಅದರಲ್ಲಿ ಹೆಡ್‌ಫೋನ್ ತೂತೂ ಇಲ್ಲ.

ಕರೆಂಟು ಬಿಲ್ಲಿನ ಲೆಕ್ಕ ಅಪ್ಪ ಮೊದಲ ದಿನವೇ ಕೇಳಿದರು. ಇದಕ್ಕೆ ಸುಮಾರು ನಾಲ್ಕು ವಾಟ್ ಅಂತ ಹಿಡಿಯಿರಿ. ದಿನವಿಡೀ ಉರಿದರೂ ತಿಂಗಳಿಗೆ ಮೂರು ಯೂನಿಟ್ ದಾಟುವುದಿಲ್ಲ. ಹಳೇ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಹೀಗೆ ಇಟ್ಟಿದ್ದರೆ ನಲವತ್ತು ದಾಟುತ್ತಿತ್ತು.

ಇನ್ನು ನಾನು ಮಾಡಿದ ಮೊದಲ ತಪ್ಪು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನೀವೂ ಇದನ್ನೇ ಮಾಡುತ್ತೀರಿ. ಮನೆಯಲ್ಲಿ ಬಿದ್ದಿದ್ದ ಫೋನ್ ಚಾರ್ಜರನ್ನು ಪೈಗೆ ಚುಚ್ಚಿದೆ. ಪೈಗೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಚುಚ್ಚಿದೆ. ಶುರುವಾಯ್ತು, ಹಾಡೂ ಬಂತು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಒಂದೂ ಹಾಡಿಲ್ಲ. ಪಟ್ಟಿ ಪೂರ್ತಿ ಖಾಲಿ. ಎದೆ ಧಸಕ್ಕೆಂದಿತು. ಆಗಿದ್ದು ಇಷ್ಟೆ. ಮೂರನೇ ಪೈಗೆ ಐದು ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಕೊಡುವ ಚಾರ್ಜರ್ ಬೇಕು. ನನ್ನದು ಒಂದು ಆಂಪಿಯರಿನದು. ಡಿಸ್ಕು ತಿರುಗಲು ಶುರುಮಾಡಿದ ಕೂಡಲೇ ವೋಲ್ಟೇಜು ಕುಸಿಯಿತು. ಡಿಸ್ಕು ಸಂಪರ್ಕ ತಪ್ಪಿಸಿಕೊಂಡಿತು. ಸಾಫ್ಟ್‌ವೇರಿಗೆ ಕಂಡದ್ದು ಖಾಲಿ ಫೋಲ್ಡರು. "ಓ, ಇವನು ಎಲ್ಲ ಅಳಿಸಿದ್ದಾನೆ" ಅಂತ ಅದೂ ಪಟ್ಟಿ ಅಳಿಸಿತು. ಹಾಡುಗಳು ಡಿಸ್ಕಿನಲ್ಲಿ ಭದ್ರವಾಗಿಯೇ ಇದ್ದವು.

ಪೈಗೆ ಟಿವಿ ಜೋಡಿಸಿ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ವೋಲ್ಟೇಜು 4.63ಕ್ಕಿಂತ ಕೆಳಗೆ ಹೋದರೆ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿನ ಊರಿನವನಿಗೆ ಆ ಗುರುತೇ ಕಾಣಲಿಲ್ಲ.

ನಿಜವಾದ ಸಿಡಿಲಿನ ಮಾತೂ ಹೇಳಬೇಕು. ಹಿಂದೆ ತಾಮ್ರದ ಫೋನ್ ತಂತಿಯ ಮೇಲೆ ಇಂಟರ್ನೆಟ್ ಬರುವಾಗ ಅದರ ಜೊತೆಗೇ ಸಿಡಿಲೂ ಮನೆಯೊಳಗೆ ಬರುತ್ತಿತ್ತು. ನಮ್ಮಲ್ಲೇ ಮೋಡೆಮ್ ಸುಟ್ಟು ಕರಕಲಾಗಿದೆ. ಈಗ ಫೈಬರ್. ಅದು ಗಾಜಿನ ಎಳೆ, ಅದರಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದರೆ ಪ್ಲಗ್ಗಿನಿಂದ ಬರುವ ದಾರಿ ಹಾಗೇ ಉಂಟಲ್ಲ. ಗುಡುಗು ಕೇಳಿದರೆ ಅಮ್ಮ ಹೋಗಿ ಪ್ಲಗ್ಗು ಕೀಳುತ್ತಾರೆ. ಟಿವಿ, ಫ್ರಿಜ್, ಪೈ, ಎಲ್ಲ ಒಂದೇ ಸಾಲು. ಪೈಗೆ ಇದು ಒಳ್ಳೆಯದಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೆ ಪೈಯ ಓಎಸ್ (ಅದನ್ನು ನಡೆಸುವ ಮೂಲ ಸಾಫ್ಟ್‌ವೇರ್) ಇರುವ ಮೆಮೊರಿ ಕಾರ್ಡು ಕೆಡಬಹುದು. ನನ್ನದು ಒಂದೇ ಮಳೆಗಾಲದಲ್ಲಿ ಎರಡು ಸಲ ಕೆಟ್ಟಿತು. ಅಮ್ಮನಿಗೆ ಹೇಳಿ ಪ್ರಯೋಜನ ಇಲ್ಲ. ಅವರು ಮಾಡುವುದೇ ಸರಿ. ಹಾಗಾಗಿ ಪೈ ನಡೆಯುವ ರೀತಿಯನ್ನೇ ಬದಲಾಯಿಸಿದೆ. ಅದರ ಸೆಟ್ಟಿಂಗಿನಲ್ಲಿ ಓವರ್‌ಲೇ ಅಂತ ಒಂದು ಆಯ್ಕೆ ಉಂಟು. ಅದನ್ನು ಹಾಕಿದರೆ ಕಾರ್ಡನ್ನು ಬರೀ ಓದುತ್ತದೆ, ಬರೆಯುವುದೆಲ್ಲ ಬೋರ್ಡಿನ ತಾತ್ಕಾಲಿಕ ಮೆಮೊರಿಯಲ್ಲಿ. ಸಾಫ್ಟ್‌ವೇರಿನ ಡೇಟಾಬೇಸನ್ನು ಮಾತ್ರ ಡಿಸ್ಕಿಗೆ ಸಾಗಿಸಬೇಕು, ಇಲ್ಲದಿದ್ದರೆ ಪ್ರತಿ ಸಲ ಎಲ್ಲ ಮರೆಯುತ್ತದೆ. ಹೀಗೆ ಮಾಡಿದ ಮೇಲೆ ಅಮ್ಮ ಎಷ್ಟು ಸಲ ಕಿತ್ತರೂ ಕಾರ್ಡು ಗಟ್ಟಿ ಉಂಟು.

ಸಾಫ್ಟ್‌ವೇರಿನ ಮಾತು ಬೇಗ ಮುಗಿಸುತ್ತೇನೆ. ಕಂಪ್ಯೂಟರಿನಲ್ಲಿ ರಾಸ್‌ಬೆರಿ ಪೈ ಇಮೇಜರ್ ಹಾಕಿ, 32 ಜಿಬಿ ಕಾರ್ಡಿಗೆ ಪೈಯ ಓಎಸ್ ಬರೆಯಿರಿ. ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ ಸಾಕು. ಬರೆಯುವ ಮೊದಲೇ ಅದು ಹೆಸರು, ಪಾಸ್‌ವರ್ಡ್, ವೈಫೈ ಎಲ್ಲ ಕೇಳುತ್ತದೆ. ನಾನು ಪೈಗೆ "ಚಾವಡಿ" ಅಂತ ಹೆಸರಿಟ್ಟೆ. ಹಾಗಾಗಿ ಮನೆಯ ಯಾವ ಫೋನಿನಲ್ಲೂ ಚಾವಡಿ ಡಾಟ್ ಲೋಕಲ್ ಅಂದರೆ ಅಲ್ಲಿಗೇ ಹೋಗುತ್ತದೆ. ನಂತರ ಹಾಡು ಬಡಿಸಲು ನ್ಯಾವಿಡ್ರೋಮ್ ಅನ್ನುವ ಉಚಿತ ಸಾಫ್ಟ್‌ವೇರ್. ಅದು 4533ನೇ ಪೋರ್ಟಿನಲ್ಲಿ, ಅಂದರೆ ಪೈಯ ಆ ನಂಬರಿನ ಬಾಗಿಲಲ್ಲಿ, ಕೂರುತ್ತದೆ. ಹಾಡಿನ ಫೋಲ್ಡರ್ ಎಲ್ಲಿದೆ ಅಂತ ತೋರಿಸಿದರೆ ಮುಗಿಯಿತು. ಸಬ್‌ಸಾನಿಕ್ ಭಾಷೆ ಗೊತ್ತಿರುವ ಯಾವ ಆ್ಯಪ್ ಬೇಕಾದರೂ ಇದರ ಜೊತೆ ಮಾತಾಡುತ್ತದೆ. ಪೈಯ ಎಫ್‌ಎಸ್‌ಟ್ಯಾಬ್ ಅನ್ನುವ ಫೈಲಿನಲ್ಲಿ ಡಿಸ್ಕನ್ನು ಜೋಡಿಸುವ ಸಾಲಿಗೆ "ನೋಫೇಲ್" ಅನ್ನುವ ಪದ ಸೇರಿಸಲು ಮರೆಯಬೇಡಿ. ಇಲ್ಲದಿದ್ದರೆ ಡಿಸ್ಕು ಕಾಣದ ದಿನ ಪೈ ಏಳುವುದೇ ಇಲ್ಲ. ಇಷ್ಟರಲ್ಲಿ ಎಲ್ಲಿ ಸಿಕ್ಕಿಬಿದ್ದರೂ ಮನೆಯ ಹೈಸ್ಕೂಲ್ ಮಕ್ಕಳನ್ನು ಕೇಳಿ. ತಮಾಷೆಗೆ ಹೇಳುತ್ತಿಲ್ಲ. ಪೈಯಲ್ಲಿರುವುದು ಲಿನಕ್ಸ್ ಓಎಸ್. ಕೇರಳದ ಶಾಲೆಗಳಲ್ಲಿ ಕಲಿಸುವುದೂ ಅದನ್ನೇ, ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕೈ ಪಳಗಿಸಿದವರು. ಈ ಒಂದು ವಿಷಯದಲ್ಲಿ ಗಡಿಯ ಈಚೆ ಇರುವುದು ನಮಗೆ ಲಾಭವೇ.

ಚಾವಡಿಯ ಹಳೇ ಆಂಪ್ಲಿಫೈಯರಿಗೆ ಜೋಡಿಸುವವರಿಗೆ ಒಂದು ಮಾತು. ಪೈಯ ಹೆಡ್‌ಫೋನ್ ತೂತಿನಿಂದ ನೇರ ತಂತಿ ಎಳೆದರೆ ಸುಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಒಳಗೆ ಸರಿಯಾದ ಆಡಿಯೋ ಚಿಪ್ ಇಲ್ಲ, ಬರೀ ಪಲ್ಸ್‌ಗಳಿಂದ ಸದ್ದು ಮಾಡುತ್ತದೆ. ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ನಡುವೆ ಹಾಕಿ. ಅಗ್ಗದ್ದೂ ಸಾಕು, ನಮ್ಮ ಕ್ಯಾಸೆಟ್ಟುಗಳು ಅದಕ್ಕಿಂತ ಚೆನ್ನಾಗಿಲ್ಲ.

ಇಲ್ಲಿಗೆ ಸರ್ವರ್ ಆಯ್ತು. ಇನ್ನು ಎರಡು ಮಳೆಗಾಲ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಅಡ್ಡದಾರಿ ಇಲ್ಲ. 210 ಗಂಟೆಯದ್ದನ್ನು ಇಳಿಸಲು 210 ಗಂಟೆಯೇ ಬೇಕು. ಅದಕ್ಕೂ ಮೊದಲು ಬೂಷ್ಟು. ನಮ್ಮ ಹವೆಯಲ್ಲಿ ಅಟ್ಟದ ಕ್ಯಾಸೆಟ್ಟಿಗೆ ಬಿಳಿ ಬೂಷ್ಟು ಹಿಡಿಯದೆ ಇರುವುದಿಲ್ಲ. ಹಾಗೇ ಹಾಕಿದರೆ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಬೂಷ್ಟಿನವನ್ನು ಬೇರೆ ಇಡಿ, ಅವುಗಳಿಗೆ ಬೇರೆಯೇ ಒಂದು ಹಳೇ ಡೆಕ್ ಇಟ್ಟುಕೊಳ್ಳಿ. ಇನ್ನೊಂದು, ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಹೆಡ್ಡಿನ ಓರೆಯನ್ನು ಸರಿಮಾಡುವುದು. ಅಜ್ಜನ ಟೇಪ್ ರೆಕಾರ್ಡರಿನ ಓರೆ ಬೇರೆ, ನನ್ನ ಡೆಕ್ಕಿನ ಓರೆ ಬೇರೆ. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಪದ್ಯ ಹಾಡುವ ಭಾಗವತರ ಜಾಗಟೆಗೆ ಕಿವಿ ಕೊಡಿ. ಕಂಬಳಿ ಹೊದ್ದ ಹಾಗಿದ್ದ ಸದ್ದು ಒಮ್ಮೆಗೇ ಠಣ್ ಅಂತ ಬಿಚ್ಚಿಕೊಳ್ಳುತ್ತದೆ. ಆ ಕ್ಷಣಕ್ಕಾಗಿ ಈ ಕೆಲಸ ಮಾಡಬಹುದು.

ಇಳಿಸಲು ಅಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು. ನಾನು ಎಲ್ಲವನ್ನೂ ಫ್ಲ್ಯಾಕ್ ಆಗಿ ಇಟ್ಟಿದ್ದೇನೆ. ಸಿ.ಡಿ. ಗುಣಮಟ್ಟದ ಸ್ಟೀರಿಯೋ ಸದ್ದು ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲ್ಯಾಕ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಮಡಚುತ್ತದೆ, ಒಂದು ಚೂರೂ ಬಿಡದೆ. 140 ಕ್ಯಾಸೆಟ್ಟು 60, 70 ಜಿಬಿ ಒಳಗೆ ಬಂತು. ಎಂಪಿ3 ಮಾಡಿದ್ದರೆ 12 ಜಿಬಿ ಸಾಕಿತ್ತು. ಆದರೆ ಎಂಪಿ3 ಬಿಸಾಡಿದ್ದು ಮತ್ತೆ ಸಿಗುವುದಿಲ್ಲ.

ನಾಯ್ಸ್ ತೆಗೆಯುವ ಆಸೆ ನನಗೂ ಆಯ್ತು. ಒಂದು ಕೂಟ ಪೂರ್ತಿ ಸ್ವಚ್ಛ ಮಾಡಿದೆ. ತಗಡಿನ ಮಾಡಿನ ಮೇಲೆ ಬೀಳುತ್ತಿದ್ದ ಮಳೆ ಹೋಯ್ತು. ಅದರ ಹಿಂದೆಯೇ ಮದ್ದಳೆಯ ಗುಂಯ್‌ಕಾರವೂ ಹೋಯ್ತು. ಭಾಗವತರು ನೀರಿನೊಳಗಿಂದ ಹಾಡುವ ಹಾಗೆ ಕೇಳಿಸಿತು. ಮತ್ತೆ ಮುಟ್ಟಲಿಲ್ಲ.

ಇನ್ನೊಂದು ಸಂಗತಿ ಇಳಿಸುವಾಗಲೇ ಗೊತ್ತಾದದ್ದು. ಕೌರವ ಒಂದು ಸವಾಲು ಹಾಕುತ್ತಾನೆ. ಸಭೆಯಲ್ಲಿ ನಗು. ಕೃಷ್ಣ ಗಂಟಲು ಸರಿಮಾಡಿಕೊಳ್ಳುತ್ತಾನೆ. "ನೋಡು ಕೌರವಾ..." ಟಕ್. ಕ್ಯಾಸೆಟ್ಟಿನ ಒಂದು ಬದಿ ಮುಗಿಯಿತು. ಮಗುಚಿ ಹಾಕಿದರೆ ಇನ್ನೊಂದು ಬದಿ ಶುರುವಾಗುವುದು, "...ಆದ್ದರಿಂದ ನಿನ್ನ ಮಾತು ನಿಲ್ಲುವುದಿಲ್ಲ" ಅಂತ. ನಡುವೆ ಏನು ಹೇಳಿದರು? ಪುಸ್ತಕ ತೆಗೆದು ನೋಡುವ ಹಾಗಿಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥ, ಅಂದರೆ ಪಾತ್ರದ ಮಾತು, ಅದನ್ನು ಹೇಳುವ ಅರ್ಥಧಾರಿಗೆ ಆ ಹೊತ್ತಿಗೆ, ಆ ಸಭೆಗೆ, ಎದುರಾಳಿ ಹೇಳಿದ್ದಕ್ಕೆ ತಕ್ಕ ಹಾಗೆ ಬಾಯಿಗೆ ಬಂದದ್ದು. ಮಾರನೇ ರಾತ್ರಿ ಅದೇ ಅರ್ಥಧಾರಿ ಅದೇ ಪದ್ಯಕ್ಕೆ ಬೇರೆಯೇ ಹೇಳುತ್ತಾರೆ. ಅಜ್ಜ ಕ್ಯಾಸೆಟ್ಟು ಮಗುಚಲು ತೆಗೆದುಕೊಂಡ ಹತ್ತು ಸೆಕೆಂಡಿನಲ್ಲಿ ಹೋದದ್ದು ಹೋಯ್ತು. ನನ್ನ ಹತ್ತಿರ ಇಂಥ ನೂರಕ್ಕೂ ಹೆಚ್ಚು ತುಂಡುಗಳಿವೆ. ಎರಡು ಬದಿಗಳನ್ನು ಜೋಡಿಸಿ ಒಂದೇ ಫೈಲು ಮಾಡುವಾಗ ಆ ಜಾಗದಲ್ಲಿ ಎರಡು ಸೆಕೆಂಡು ಮೌನ ಬಿಟ್ಟಿದ್ದೇನೆ. ಅಂಟಿಸಿ ಮುಚ್ಚಿಬಿಡಲು ಮನಸ್ಸಾಗಲಿಲ್ಲ.

ಆಮೇಲೆ ಹೆಸರು. ಎರಡನೇ ಮಳೆಗಾಲ ಪೂರ್ತಿ ಹೋದದ್ದು ಇದಕ್ಕೇ. ಈ ಸಾಫ್ಟ್‌ವೇರುಗಳೆಲ್ಲ ಮುಖ್ಯವಾಗಿ ಕೇಳುವುದು ಮೂರು ಪ್ರಶ್ನೆ: ಹಾಡು ಯಾವುದು, ಹಾಡಿದವರು ಯಾರು, ಆಲ್ಬಮ್ ಯಾವುದು. ತಾಳಮದ್ದಳೆಗೆ ಮೂರಕ್ಕೂ ನೆಟ್ಟಗೆ ಉತ್ತರ ಇಲ್ಲ. ಐದು ಗಂಟೆಯ ಕೂಟದಲ್ಲಿ ಹಾಡು ಯಾವುದು? ಭಾಗವತರು ಇಬ್ಬರು, ಮದ್ದಳೆ ಒಬ್ಬರು, ಚೆಂಡೆ ಒಬ್ಬರು, ಅರ್ಥಧಾರಿಗಳು ಐದು ಮಂದಿ. ಯಾರು ಕಲಾವಿದ, ಯಾರು ಪಕ್ಕವಾದ್ಯ? ತಲೆ ಕೆರೆದು ಕೆರೆದು ಒಂದು ಪದ್ಧತಿ ಮಾಡಿಕೊಂಡೆ. ಪ್ರಸಂಗ, ಊರು, ವರ್ಷ ಸೇರಿ ಆಲ್ಬಮ್. ಅರ್ಥಧಾರಿಗಳು ಕಲಾವಿದರು. ಪ್ರಸಂಗದ ಕವಿ, ಪಟ್ಟಿಯಲ್ಲಿ "ಕಂಪೋಸರ್" ಅನ್ನುವ ಮನೆಗೆ. ನಮ್ಮ ಕುಂಬಳೆಯ ಪಾರ್ತಿಸುಬ್ಬ ಈಗ ನನ್ನ ಪೈಯಲ್ಲಿ ಕಂಪೋಸರ್. ಭಾಗವತರನ್ನು ಎಲ್ಲಿ ಹಾಕುವುದು? "ಕಂಡಕ್ಟರ್" ಅಂತ ಒಂದು ಮನೆ ಉಂಟು. ಬಸ್ಸಿನ ಕಂಡಕ್ಟರ್ ಅಲ್ಲ, ಪಾಶ್ಚಾತ್ಯ ವಾದ್ಯಮೇಳದ ಎದುರು ಕೋಲು ಆಡಿಸುವವ. ಅವನು ಬಾಯಿ ಬಿಡುವುದಿಲ್ಲ, ನಮ್ಮವರು ಹಾಡುತ್ತಾರೆ. ಆದರೆ ಆಟ ಎಲ್ಲಿ ಏರಬೇಕು, ಎಲ್ಲಿ ಮುಗಿಯಬೇಕು ಅಂತ ಕೈಯಲ್ಲಿ ಹಿಡಿದಿರುವವರು ಅವರೇ ಅಲ್ವಾ. ಅಲ್ಲೇ ಕೂರಿಸಿದೆ.

ಲೇಬಲ್ಲುಗಳ ಕಥೆ ಬೇರೆ. ಅಜ್ಜ ತಮಗೆ ಗೊತ್ತಿದ್ದದ್ದನ್ನು ಬರೆಯುತ್ತಿರಲಿಲ್ಲ. ಒಂದರ ಮೇಲೆ ಬರೀ "ಶೇಣಿ" ಅಂತ ಉಂಟು. ಈಗ ಹೇಳಿ, ಇದು ಪೆರ್ಲದ ಹತ್ತಿರದ ಶೇಣಿಯಲ್ಲಿ ನಡೆದ ಕೂಟವೋ, ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವೋ? ಇನ್ನೊಂದರ ಮೇಲೆ "ಕುಂಬಳೆ". ಊರೋ, ಅರ್ಥಧಾರಿ ಕುಂಬಳೆ ಸುಂದರ ರಾಯರೋ? ಮನುಷ್ಯರನ್ನು ಊರಿನ ಹೆಸರಿನಿಂದ ಕರೆಯುವ ನಮ್ಮ ಅಭ್ಯಾಸ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಕೇಳಿಯೇ ಹೇಳಬೇಕು. ನಾನು ಆ ಕಾಲದವನಲ್ಲ, ಸ್ವರ ಗುರುತು ಸಿಗುವುದಿಲ್ಲ. ಅಕ್ಕಪಕ್ಕದ ಹಿರಿಯರು ನಾಲ್ಕು ಜನರನ್ನು ಕರೆದು ಚಾವಡಿಯಲ್ಲಿ ಕೂರಿಸಿದೆ. ಚಹಾ, ಹಪ್ಪಳ, ಸ್ಪೀಕರು. ಎರಡು ವಾಕ್ಯ ಕೇಳುವುದರೊಳಗೆ ಹೆಸರು ಬರುತ್ತಿತ್ತು. ವರ್ಷದ ವಿಷಯದಲ್ಲಿ ಮಾತ್ರ ಜಗಳ. ಒಂದು ಲೇಬಲ್ಲಿನಲ್ಲಿ "ಆಟಿ ಅಮಾವಾಸ್ಯೆ ಮರುದಿನ" ಅಂತ ಮಾತ್ರ ಇತ್ತು. ಅಜ್ಜಿ ಒಳಗಿನಿಂದಲೇ ಹೇಳಿದರು, "ನಿನ್ನ ಅಪ್ಪಂಗೆ ಜ್ವರ ಇತ್ತು ಮಗಾ, ಇವರು ಕೂಟಕ್ಕೆ ಹೋಗಿದ್ರು. ನಾನು ಮರೆಯುವುದುಂಟಾ?" ಅಪ್ಪನಿಗೆ ಆಗ ಎಷ್ಟು ವಯಸ್ಸು ಅಂತ ಲೆಕ್ಕ ಹಾಕಿ ವರ್ಷ ಬರೆದೆ.

ಕನ್ನಡದಲ್ಲಿ ಹೆಸರು ಬರೆಯುವಾಗ ಯುನಿಕೋಡಿನಲ್ಲೇ ಬರೆಯಿರಿ. ನನ್ನ ಹಳೇ ಪಟ್ಟಿಯೊಂದು ಹಿಂದಿನ ಕಾಲದ ಫಾಂಟಿನಲ್ಲಿತ್ತು. ಫೋನಿನಲ್ಲಿ ನೋಡಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕುವವರು ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡುತ್ತಾರೆ, ಹಾಗಾಗಿ ಆಲ್ಬಮ್ ಹೆಸರಿನ ಕೊನೆಗೆ ಅದನ್ನೂ ಸೇರಿಸಿದೆ.

ಈಗ ಅಜ್ಜಿ. ಅವರಿಗೆ ಈ ಫೋನು, ಆ್ಯಪ್ ಯಾವುದೂ ಬೇಡ. ಕಣ್ಣೂ ಮಂಜು. ಆದರೆ ಕ್ಯಾಸೆಟ್ಟಿನ ಡಬ್ಬಿಗಳು ಗೊತ್ತು. ಯಾವುದರ ಮೂಲೆ ಒಡೆದಿದೆ, ಯಾವುದಕ್ಕೆ ಕುಂಕುಮ ಮೆತ್ತಿದೆ, ಎಲ್ಲ ಕೈಗೇ ತಿಳಿಯುತ್ತದೆ. ಅದಕ್ಕೇ ಡಬ್ಬಿಗಳನ್ನೇ ಗುಂಡಿ ಮಾಡಿದೆ. ಪ್ರತಿ ಡಬ್ಬಿಯ ಒಳಗೆ, ಹತ್ತಿರ ತಂದರೆ ರೀಡರಿಗೆ ಗುರುತು ಸಿಗುವ ಒಂದು ಆರ್‌ಎಫ್‌ಐಡಿ ಸ್ಟಿಕ್ಕರು. ಪೈಯ 40 ಪಿನ್ನಿನ ಸಾಲಿಗೆ ಆರ್‌ಸಿ522 ಅನ್ನುವ ರೀಡರ್ ಜೋಡಿಸಿ ಮರದ ಹಲಗೆಯ ಅಡಿಗೆ ಅಂಟಿಸಿದೆ. ಡಬ್ಬಿಯನ್ನು ಹಲಗೆಯ ಮೇಲಿಟ್ಟರೆ ಆ ಕೂಟ ಶುರು. ತೆಗೆದರೆ ನಿಲ್ಲುತ್ತದೆ. ಚಾವಡಿಯ ಸ್ಪೀಕರಿಗೆ ನುಡಿಸುವುದು ಎಂಪಿಡಿ ಅನ್ನುವ ಬೇರೊಂದು ಸಾಫ್ಟ್‌ವೇರ್. ಅದೂ ಅದೇ ಫೋಲ್ಡರನ್ನೇ ಓದುತ್ತದೆ. ಮೊದಲ ವಾರ ಅಜ್ಜಿಯಿಂದ ಒಂದು ದೂರು ಬಂತು. "ಊಟಕ್ಕೆ ಎದ್ದು ಬಂದರೆ ಇದು ಮತ್ತೆ ಗಣಪತಿ ಸ್ತುತಿಯಿಂದ ಶುರು ಮಾಡ್ತದೆ." ಸರಿ ಅಲ್ವಾ, ಕ್ಯಾಸೆಟ್ಟು ನಿಲ್ಲಿಸಿದಲ್ಲೇ ನಿಲ್ಲುತ್ತಿತ್ತು. ಪ್ರತಿ ಡಬ್ಬಿ ಎಲ್ಲಿಗೆ ನಿಂತಿತು ಅಂತ ಬರೆದಿಡುವ ಹತ್ತು ಸಾಲು ಪ್ರೋಗ್ರಾಂ ಸೇರಿಸಿದೆ. ಈಗ ಅಜ್ಜಿ ಸುಮ್ನೆ ಕೇಳುತ್ತಾರೆ.

ಬೆಂಗಳೂರಿನಲ್ಲಿರುವ ತಂಗಿಗೂ ಕೇಳಬೇಕು ಅಂತಾಯ್ತು. ರೌಟರಿನಲ್ಲಿ ಪೋರ್ಟ್ ತೆರೆದಿಡುವ ಕೆಲಸ ಮಾಡಬೇಡಿ, ಹೊರಗಿನವರೆಲ್ಲ ಬಾಗಿಲು ತಟ್ಟುತ್ತಾರೆ. ಎಷ್ಟೋ ಮನೆ ಇಂಟರ್ನೆಟ್‌ಗೆ ಸ್ವಂತ ಹೊರವಿಳಾಸವೇ ಇರುವುದಿಲ್ಲ, ತೆರೆದರೂ ಉಪಯೋಗ ಇಲ್ಲ. ಟೇಲ್‌ಸ್ಕೇಲ್ ಅನ್ನುವುದನ್ನು ಪೈಗೂ ಅವಳ ಫೋನಿಗೂ ಹಾಕಿದೆ. ನಮ್ಮಿಬ್ಬರ ನಡುವೆ ಮಾತ್ರ ಇರುವ ಸುರಂಗ ಅದು. ಯೂಟ್ಯೂಬಿಗೆ ಯಾಕೆ ಹಾಕಿಲ್ಲ ಅಂತ ಕೇಳುವವರಿದ್ದಾರೆ. ನಮ್ಮ ಕಾನೂನಿನಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕು ಉಂಟು. ಅಜ್ಜ ಟೇಪು ಹಿಡಿದದ್ದು ತಾವು ಕೇಳಲು. ಊರಿಗೆಲ್ಲ ಹಂಚುವ ಮೊದಲು ಅವರನ್ನೋ ಅವರ ಮನೆಯವರನ್ನೋ ಕೇಳಬೇಕು. ಕೆಲವರನ್ನು ಕೇಳಿದ್ದೇನೆ. ಇನ್ನೂ ಎಷ್ಟೋ ಮನೆಗಳ ಬಾಗಿಲಿಗೆ ಹೋಗುವುದು ಬಾಕಿ. ಪ್ರತಿ ಮಾತ್ರ ಮೂರು ಕಡೆ ಇಟ್ಟಿದ್ದೇನೆ. ಒಂದು ಪೈಯಲ್ಲಿ, ಒಂದು ಕಪಾಟಿನಲ್ಲಿ, ಒಂದು ಪುತ್ತೂರಿನ ಬಾವನ ಮನೆಯಲ್ಲಿ.

(ಮಾತಿನ ನಂತರ ತೋರಿಸುವ ಕಾರ್ಯಕ್ರಮ ಇತ್ತು. ಪೈ ತಂದಿದ್ದೆ, ಹಲಗೆ ತಂದಿದ್ದೆ, ಅಜ್ಜಿಯನ್ನು ಒಪ್ಪಿಸಿ ಎರಡು ಡಬ್ಬಿ ತಂದಿದ್ದೆ. ಚಾರ್ಜರ್ ಮನೆಯಲ್ಲೇ ಉಳಿದಿತ್ತು. ವಾಚನಾಲಯದವರ ಫೋನ್ ಚಾರ್ಜರ್ ಚುಚ್ಚಿದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚು. ಮೊದಲು ನಕ್ಕದ್ದು ಮುಂದಿನ ಸಾಲಿನ ಹೈಸ್ಕೂಲ್ ಹುಡುಗಿ. "ಡಿಸ್ಕ್ ತೆಗೀರಿ ಅಣ್ಣ, ಪೆನ್‌ಡ್ರೈವ್ ಹಾಕಿ" ಅಂದಳು. ತನ್ನದನ್ನೇ ಕೊಟ್ಟಳು. ಲ್ಯಾಪ್‌ಟಾಪಿನಿಂದ ಒಂದು ಕೂಟ ಅದಕ್ಕೆ ಇಳಿಸಿ ಹಾಕಿದೆವು. ಮಿಂಚು ಹೋಯ್ತು. ಮೂಲೆ ಒಡೆದ ಡಬ್ಬಿಯನ್ನು ಹಲಗೆಯ ಮೇಲಿಟ್ಟೆ. ಹೊರಗಿನ ಮಳೆಗೆ ಟೇಪಿನ ಮಳೆಯೂ ಸೇರಿ, ಭಾಗವತರ ಸ್ವರ ಯಾವಾಗ ಶುರುವಾಯಿತೆಂದು ಹಿಂದೆ ಕೂತವರಿಗೆ ಗೊತ್ತಾಗಲೇ ಇಲ್ಲವಂತೆ.)